ತಳದ ಅಗುಳು

ಫೆಬ್ರವರಿ 3, ಸೋಮವಾರ

ಈ ನೋಟ್‌ಬುಕ್ಕು ಕಪಾಟಿನಿಂದ ಹೊರಬರಲು ಕಾರಣ ನನ್ನ ಹೆಂಡತಿ. ಆಫೀಸಿನ ಸಂಗತಿಯನ್ನು ಮೂರನೆಯ ಸಲ ಹೇಳಹೊರಟಾಗ ಅವಳು, "ಅಷ್ಟೊಂದು ಹೊಟ್ಟೆ ಉರೀತಿದ್ರೆ ಎಲ್ಲಾದ್ರೂ ಬರೆದಿಡಿ, ನನಗೆ ಪಾತ್ರೆ ತೊಳೆಯೋದಿದೆ" ಎಂದಳು. ಸರಿ, ಬರೆಯುತ್ತೇನೆ.

ನಾನು ನಗರ ಆರೋಗ್ಯ ಕಚೇರಿಯಲ್ಲಿ ಲಸಿಕೆ ವಿಭಾಗದ ಗುಮಾಸ್ತ. ಇಪ್ಪತ್ತೊಂಬತ್ತು ವರ್ಷವಾಯಿತು, ಮೇ ಕೊನೆಗೆ ನಿವೃತ್ತಿ. ಕಚೇರಿಯ ಬಾಗಿಲ ಪಕ್ಕ ಒಂದು ನೀಲಿ ಬೋರ್ಡಿದೆ. ‘ನಮ್ಮ ನಗರದಲ್ಲಿ ಲಸಿಕೆ ಪಡೆದ ಮಕ್ಕಳು: ಶೇಕಡಾ 98’. ಆ ಅಂಕಿಯನ್ನು ಬಿಳಿ ಬಣ್ಣದಲ್ಲಿ ಬರೆದದ್ದು ನನ್ನ ಕೈ, ಲೆಕ್ಕ ತೆಗೆದದ್ದು ನನ್ನ ತಲೆ. ಒಂದು ವರ್ಷ ಲೆಕ್ಕ ನೂರ ನಾಲ್ಕು ಬಂದುಬಿಟ್ಟಿತ್ತು. ಆಗಿನ ಸಾಹೇಬರು ಕನ್ನಡಕ ಏರಿಸಿ, ಹುಟ್ಟದೇ ಇರುವ ಮಕ್ಕಳಿಗೂ ಸೂಜಿ ಹಾಕಿಸಿದ್ದೀರೇನ್ರೀ ಎಂದು ಕೇಳಿದ್ದರು. ಅಂದಿನಿಂದ ತೊಂಬತ್ತೆಂಟಕ್ಕೆ ನಿಲ್ಲಿಸಿದ್ದೇನೆ. ಉಳಿದ ಎರಡನ್ನು ವಿನಯಕ್ಕೆಂದು ಬಿಟ್ಟಿದ್ದೇನೆ. ಕಚೇರಿಯಲ್ಲಿ ಯಾರೂ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ತೊಂಬತ್ತೆಂಟು ಸಾರ್ ಎಂದೇ ಕರೆಯುತ್ತಾರೆ.

ಹೊಸದಾಗಿ ಬಂದಿರುವ ಡಾಕ್ಟರ್ ಮೇಡಂ ಇವತ್ತು ಕರೆಸಿದರು. ಮಾರ್ಕೆಟ್ಟಿನ ಹಿಂದಿನ ಬೀದಿಗಳಲ್ಲಿ ಒಂಬತ್ತು ಮಕ್ಕಳಿಗೆ ದಡಾರ ಎದ್ದಿದೆಯಂತೆ. ಒಂದು ಮಗು ಆಸ್ಪತ್ರೆ ಸೇರಿದೆಯಂತೆ. "ನೂರರಲ್ಲಿ ಇಬ್ಬರೇ ಬಾಕಿ ಅಂತೀರಿ. ಆ ಇಬ್ಬಿಬ್ಬರೂ ಸೇರಿ ಒಂದೇ ಬೀದೀಲಿ ಮನೆ ಮಾಡಿದಾರಾ?" ಎಂದು ಕೇಳಿದರು. ಅದಕ್ಕೆ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿಸುತ್ತಾರಂತೆ. ರಿಜಿಸ್ಟರ್ ಇರುವಾಗ ಬೀದಿ ಸುತ್ತುವುದು ಅಂಗೈ ಹುಣ್ಣಿಗೆ ಕನ್ನಡಿ ಹಿಡಿದಂತೆ ಎಂದೆ. ಹಾಗಾದರೆ ಕನ್ನಡಿ ಹಿಡಿಯಲು ನೀವೇ ಬನ್ನಿ ಎಂದರು. ಒಪ್ಪಿಕೊಂಡೆ. ನನಗೇನು ಭಯ?

ರಿಜಿಸ್ಟರಿನ ಮಹಿಮೆಗೆ ನಮ್ಮ ಮನೆಯೇ ಸಾಕ್ಷಿ. ಅಕ್ಟೋಬರಿನಲ್ಲಿ ಮಗಳು ಇಲಾಖೆ ಪರೀಕ್ಷೆಗೆ ಓದಬೇಕೆಂದು ನಾವು ಬಟಾಣಿ ಎಂದು ಕರೆಯುವ ಮೊಮ್ಮಗಳನ್ನು ಎರಡು ವಾರ ನಮ್ಮಲ್ಲಿ ಬಿಟ್ಟಿದ್ದಳು. ಒಂಬತ್ತು ತಿಂಗಳ ದಡಾರದ ಸೂಜಿ ಆಗಲೇ ಬರುವುದಿತ್ತು. ಡಿಸೆಂಬರಿನಲ್ಲಿ ಮಗಳು ಫೋನ್ ಮಾಡಿ, ಅಪ್ಪ, ಅದು ಆಯಿತೋ ಇಲ್ಲವೋ ಎಂದು ಕೇಳಿದಳು. ಹೆಂಡತಿಯ ಹಾಗೆ ಮೇಲೆ ನೋಡಿ ಯೋಚಿಸುತ್ತಾ ಕೂರಲಿಲ್ಲ ನಾನು. ರಿಜಿಸ್ಟರ್ ತೆಗೆದೆ, ಬಟಾಣಿಯ ಸಾಲು ಹುಡುಕಿದೆ, ಹಸಿರು ಶಾಯಿಯ ಗುರುತು ಇತ್ತು, ಆಗಿದೆ ಎಂದು ಹೇಳಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಫೆಬ್ರವರಿ 4, ಮಂಗಳವಾರ

ತರಬೇತಿ. ಊರಿನ ಬಡಾವಣೆಗಳನ್ನೆಲ್ಲ ಜನಸಂಖ್ಯೆಯ ಸಮೇತ ಪಟ್ಟಿ ಮಾಡಿ, ಅದರಿಂದ ಮೂವತ್ತು ಜಾಗ ಆರಿಸಬೇಕು. ಎಲ್ಲಿಂದ ಆರಂಭಿಸಬೇಕೆಂದು ತಿಳಿಯಲು ಮೇಡಂ ನನ್ನ ಜೇಬಿನಿಂದ ಒಂದು ನೋಟು ಕೇಳಿ, ಅದರ ನಂಬರಿನ ಕೊನೆಯ ಅಂಕಿಗಳನ್ನು ಓದಿದರು. ಇಷ್ಟು ಓದಿದವರು ಲಾಟರಿ ಟಿಕೆಟ್ ಮಾರುವವನ ಕೆಲಸ ಮಾಡುತ್ತಿದ್ದಾರೆ. ಜಾಗಕ್ಕೆ ಏಳು ಮಕ್ಕಳು, ಒಂದು ವರ್ಷ ತುಂಬಿ ಎರಡು ತುಂಬದವರು. ಒಟ್ಟು ಇನ್ನೂರ ಹತ್ತು.

ಮನೆಗೆ ಬಂದು, ಹದಿನೆಂಟು ಸಾವಿರ ಮಕ್ಕಳ ಲೆಕ್ಕವನ್ನು ಇನ್ನೂರ ಹತ್ತು ಮಕ್ಕಳನ್ನು ನೋಡಿ ಹೇಳುತ್ತಾರಂತೆ ಎಂದು ನಕ್ಕೆ. ಹೆಂಡತಿ ಒಲೆಯ ಮುಂದಿದ್ದಳು. ಅನ್ನ ಬೆಂದಿದೆಯಾ ಅಂತ ನೋಡಲು ನಾನೇನು ಪಾತ್ರೆ ಪೂರ್ತಿ ತಿಂದು ನೋಡುತ್ತೀನಾ, ಒಂದು ಅಗುಳು ಹಿಸುಕಿದರೆ ಸಾಕಲ್ಲ ಎಂದಳು. ನನ್ನ ಮನೆಯಲ್ಲೇ ಮೇಡಂ ಪಕ್ಷದವರಿದ್ದಾರೆ.

ಫೆಬ್ರವರಿ 5, ಬುಧವಾರ

ಹೆಂಡತಿಯ ಅಗುಳಿನ ಮಾತನ್ನು ಮೇಡಂಗೆ ಹೇಳಬಾರದಿತ್ತು. ಅವರಿಗೆ ಬಹಳ ಹಿಡಿಸಿತು. "ಮೇಲಿಂದ ತೆಗೆದ ಅಗುಳು ಮೋಸ ಮಾಡತ್ತೆ. ಸೌಟು ತಳಕ್ಕೆ ಹೋಗ್ಬೇಕು" ಎಂದರು. ಎಲ್ಲರೂ ಬರೆದುಕೊಂಡರು.

ನನ್ನ ಜೊತೆಗಾರ್ತಿ ಗುರುವಾರದ ಲಸಿಕೆ ಕೊಡುವ ಸಿಸ್ಟರ್. ಮೂವತ್ತರ ಆಸುಪಾಸಿನ ಹೆಂಗಸು, ಮಾತು ಕಮ್ಮಿ, ನಡಿಗೆ ಜಾಸ್ತಿ. ನಮ್ಮ ಪಾಲಿಗೆ ಆರು ಜಾಗ. ಮಧ್ಯಾಹ್ನ ಅವಳಿಗೆ ರಿಜಿಸ್ಟರ್ ವಿದ್ಯೆಯನ್ನು ಸ್ವಲ್ಪ ಹೇಳಿಕೊಟ್ಟೆ. ವರದಿ ಪ್ರತಿ ತಿಂಗಳು ಮೂವತ್ತಕ್ಕೆ ಹೋಗಲೇಬೇಕು. ಆ ಹೊತ್ತಿಗೆ ಕೆಲವರು ಬಂದಿರುವುದಿಲ್ಲ, ಆದರೆ ಮುಂದಿನ ಗುರುವಾರ ಖಂಡಿತ ಬರುವವರು. ಅಂಥವರಿಗೆ ಮುಂಚೆಯೇ ಒಂದು ಗುರುತು ಹಾಕಿಡುತ್ತೇನೆ. ನಾನದಕ್ಕೆ ಮುಂಗಡ ಟಿಕ್ಕು ಎಂದು ಹೆಸರಿಟ್ಟಿದ್ದೇನೆ. ಗುರುತು ಪರಿಚಯದ, ನಂಬಿಕೆಯ ಜನಕ್ಕೆ ಮಾತ್ರ. ಸಿಸ್ಟರ್ ನನ್ನನ್ನೇ ನೋಡುತ್ತಿದ್ದಳು. ಇದು ಸುಳ್ಳಲ್ಲ, ಸ್ವಲ್ಪ ಬೇಗ ಹೇಳಿದ ನಿಜ ಎಂದು ತಿಳಿಸಿ ಹೇಳಿದೆ. ಅವಳು ನೀರು ಕುಡಿಯಲು ಎದ್ದು ಹೋದಳು.

ಫೆಬ್ರವರಿ 6, ಗುರುವಾರ

ಮೊದಲ ಜಾಗ. ಸಿಸ್ಟರ್ ಬೆಳಿಗ್ಗೆ ಸೂಜಿ ಕೆಲಸ ಮುಗಿಸಿ ಬಂದಳು. ಬಡಾವಣೆಯ ನಟ್ಟನಡುವೆ ನಿಂತು, ನೆಲದ ಮೇಲೆ ಪೆನ್ನು ತಿರುಗಿಸಬೇಕು; ಮುಳ್ಳು ಯಾವ ಕಡೆ ತೋರಿಸುತ್ತದೋ ಆ ಕಡೆ ಬಡಾವಣೆಯ ಅಂಚಿನವರೆಗೂ ಮನೆಗಳನ್ನು ಎಣಿಸಬೇಕು; ನೋಟಿನ ನಂಬರು ನೋಡಿ ಅದರಲ್ಲೊಂದು ಮನೆ ಆರಿಸಬೇಕು. ಅಲ್ಲಿಂದ ಮುಂದೆ, ಯಾವ ಬಾಗಿಲು ಹತ್ತಿರವೋ ಅದು. ಏಳು ಮಕ್ಕಳು ಸಿಗುವ ತನಕ.

ಒಂದು ಕಡೆ ಅಗಲವಾದ ರಸ್ತೆ, ಮರದ ನೆರಳು, ಬಣ್ಣ ಬಳಿದ ಗೇಟುಗಳು. ಇನ್ನೊಂದು ಕಡೆ ಮೋರಿ, ಮೋರಿಯ ಆಚೆ ಮೂರಂತಸ್ತಿನ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ನಾಯಿ. ಪೆನ್ನು ಮೋರಿಯನ್ನು ತೋರಿಸಿತು. ಇದು ಅಭ್ಯಾಸಕ್ಕೆ ಎಂದು ಹೇಳಿ ಇನ್ನೊಮ್ಮೆ ತಿರುಗಿಸಿದೆ. ಮತ್ತೆ ಮೋರಿ. ಮೂರನೆಯ ಸಲ ಬಗ್ಗುವಷ್ಟರಲ್ಲಿ ಸಿಸ್ಟರ್ ಪೆನ್ನು ಎತ್ತಿಕೊಂಡು ಹೊರಟಳು.

ನಾಯಿಯ ಬಗ್ಗೆ ಬರೆಯುವುದಿಲ್ಲ. ಪ್ಯಾಂಟಿನ ತುದಿ ಹೊಲಿಸಬಹುದು ಎಂದು ಹೆಂಡತಿ ಹೇಳಿದ್ದಾಳೆ.

ಇಷ್ಟೆಲ್ಲ ಆಗಿ ಮೊದಲ ಮನೆಗೇ ಬೀಗ. ಪಕ್ಕದ ಮನೆಯ ಬಾಗಿಲು ತೆರೆದಿತ್ತು, ಒಳಗೆ ಮಗು ಆಡುತ್ತಿತ್ತು, ತಾಯಿ ಕುರ್ಚಿಯನ್ನೂ ಹಾಕಿದಳು. ಬೀಗದ ಮನೆಯ ಬದಲಿಗೆ ಇದನ್ನೇ ಬರೆದುಕೊಂಡರೆ ಯಾರಪ್ಪನ ಗಂಟು ಹೋಗುತ್ತದೆ ಎಂದೆ.

"ಬಾಗಿಲು ತೆರೆದಿದ್ರೆ ಮನೇಲಿ ಅಮ್ಮ ಇದಾಳೆ ಅಂತ. ಅಮ್ಮ ಇರೋ ಮನೇಲಿ ಸೂಜಿ ಹೇಗೂ ಆಗಿರತ್ತೆ. ಬೀಗ ಹಾಕಿರೋ ಮನೇನೇ ನಾವು ನೋಡ್ಬೇಕಾಗಿರೋದು, ಸಾರ್" ಎಂದಳು ಸಿಸ್ಟರ್. ಇವತ್ತು ಅವಳು ಆಡಿದ ಅತ್ಯಂತ ಉದ್ದದ ಮಾತು ಅದು.

ಫೆಬ್ರವರಿ 7, ಶುಕ್ರವಾರ

ಬೀಗದ ಮನೆಗೆ ಬೆಳಿಗ್ಗೆ ಏಳಕ್ಕೇ ಹೋದೆವು. ತಾಯಿ ಬಟ್ಟೆ ಒಗೆಯುವ ಅಂಗಡಿಗೆ ಕೆಲಸಕ್ಕೆ ಹೊರಡುತ್ತಿದ್ದಳು. ಲಸಿಕೆ ಕಾರ್ಡು ಹಿಟ್ಟಿನ ಡಬ್ಬಿಯೊಳಗಿತ್ತು, ಕೊಡವಿ ಕೊಟ್ಟಳು. ಎಲ್ಲ ಸೂಜಿಗಳೂ ಆಗಿವೆ! ಮೊದಲ ಜಾಗದಲ್ಲಿ ಏಳು ಮಕ್ಕಳಿಗೆ ಏಳೂ. ಸಿಸ್ಟರ್ ಕಡೆ ತಿರುಗಿ ನೋಡಿದೆ. ಅವಳು ಕಾರ್ಡಿನ ಹಿಟ್ಟು ಒರೆಸುತ್ತಿದ್ದಳು. ಮೇಡಂ ಮುಂದೆ ಬೇಕೆಂದೇ ಒಂದೆರಡು ಸಲ ಓಡಾಡಿದೆ.

ಫೆಬ್ರವರಿ 11, ಮಂಗಳವಾರ

ಎರಡನೆಯ ಜಾಗದಲ್ಲಿ ಏಳಕ್ಕೆ ಆರು. ಪರವಾಗಿಲ್ಲ.

ಮೂರನೆಯ ಜಾಗದಲ್ಲಿ ಐಸ್ ಫ್ಯಾಕ್ಟರಿಯ ಹಿಂದೆ ಒಂದು ಓಣಿ ಸಿಕ್ಕಿತು. ನನ್ನ ನಕ್ಷೆಯಲ್ಲಿ ಅಲ್ಲಿ ಗೋಡೆಯಿದೆ. ನಿಜದಲ್ಲಿ ಅಲ್ಲಿ ಹನ್ನೊಂದು ಮನೆಗಳಿವೆ, ಹಗ್ಗದ ತುಂಬ ಬಟ್ಟೆಗಳಿವೆ, ಐದು ವರ್ಷದಿಂದ ಜನರಿದ್ದಾರೆ. ಅಲ್ಲಿಯ ಒಬ್ಬ ತಾಯಿಯ ಹತ್ತಿರ ಕಾರ್ಡಿಲ್ಲ. ಕಾರ್ಡಿಲ್ಲದಿದ್ದರೆ ತಾಯಿಯ ಮಾತನ್ನು ಬರೆದುಕೊಳ್ಳಬೇಕು ಎಂಬುದು ನಿಯಮ. ನಾನು ಮೂಗು ಮುರಿದೆ. ಅವಳೋ ಪಟಪಟನೆ ಹೇಳಿದಳು. ಹುಟ್ಟಿದಾಗ ಎಡ ತೋಳಿಗೆ ಒಂದು, ಅದರ ಕಲೆ ಇಲ್ಲಿದೆ. ಆಮೇಲೆ ತೊಡೆಗೆ ಮೂರು ಸಲ, ಪ್ರತಿ ಸಲವೂ ಬಾಯಿಗೆ ಹನಿ. ಒಂಬತ್ತು ತಿಂಗಳಿದ್ದು ಇಲ್ಲ. ಯಾಕೆ ಎಂದು ಕೇಳಿದೆ. ಮನೆ ಬದಲಾಯಿಸಿದೆವು, ಇಲ್ಲಿ ಯಾರೂ ಬಂದು ಹೇಳಲಿಲ್ಲ ಎಂದಳು.

ಯಾರು ಬಂದು ಹೇಳಬೇಕು? ಇವರು ನಮ್ಮ ಪಟ್ಟಿಯಲ್ಲೇ ಇಲ್ಲ. ಪಟ್ಟಿಯಲ್ಲಿ ಇಲ್ಲದವರು ಬಾಕಿಯೂ ಉಳಿಯುವುದಿಲ್ಲವಲ್ಲ, ಹಾಗಾಗಿ ಇಷ್ಟು ವರ್ಷ ನನಗೆ ಗೊತ್ತೇ ಆಗಿಲ್ಲ. ಏಳಕ್ಕೆ ನಾಲ್ಕು. ಊಟ ಯಾಕೋ ರುಚಿಸಲಿಲ್ಲ. ಉಪ್ಪು ಕಮ್ಮಿಯಿದ್ದಿರಬೇಕು.

ಫೆಬ್ರವರಿ 12, ಬುಧವಾರ

ಕಾಲು ನೋವು. ಬರೀ ಕಾಲು ನೋವು.

ಫೆಬ್ರವರಿ 14, ಶುಕ್ರವಾರ

ನಾಲ್ಕನೆಯ ಜಾಗ, ಐದಕ್ಕಿಂತ ಮೇಲೇಳಲಿಲ್ಲ. ಒಂದು ಮನೆಯಲ್ಲಿ ಲಾರಿ ಓಡಿಸುವವನೊಬ್ಬ ಅರ್ಧ ಬಾಗಿಲಲ್ಲೇ ನಿಲ್ಲಿಸಿದ. ಸೂಜಿ ಹಾಕಿಸಿದರೆ ಮಗುವಿಗೆ ಜ್ವರ ಬರುತ್ತದೆ, ಜ್ವರ ಬಂದರೆ ಹೆಂಡತಿ ಕೆಲಸಕ್ಕೆ ಹೋಗಲ್ಲ, ಅಡುಗೆಯೂ ನನ್ನ ತಲೆಗೇ ಎಂದ. ಆಸ್ಪತ್ರೆಯಲ್ಲಿರುವ ದಡಾರದ ಮಗುವಿನ ವಿಷಯವನ್ನು ಸಿಸ್ಟರ್ ಮೆಲ್ಲಗೆ ಹೇಳಿದಳು. ಆ ಮಗು ಅವನ ಸಹೋದ್ಯೋಗಿಯದೇ ಎಂದು ಗೊತ್ತಾಯಿತು. ಅವನು ಪೂರ್ತಿ ಬಾಗಿಲು ತೆರೆದ.

ಸಮೀಕ್ಷೆಯಲ್ಲಿ ಸಲಹೆ ಕೊಡುವುದು ನಮ್ಮ ಕೆಲಸವಲ್ಲ. ಆದರೂ ಗುರುವಾರ ಎಷ್ಟು ಗಂಟೆಗೆ, ಯಾವ ಬಾಗಿಲಿನಿಂದ ಬರಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಐಸ್ ಫ್ಯಾಕ್ಟರಿ ಓಣಿಯನ್ನು ನಕ್ಷೆಗೆ ಸೇರಿಸಿದೆ. ಗೋಡೆ ಅಳಿಸುವಾಗ ಕಾಗದ ಹರಿಯಿತು, ಅಂಟಿಸಿದ್ದೇನೆ.

ಫೆಬ್ರವರಿ 17, ಸೋಮವಾರ

ಐದನೆಯ ಜಾಗ ಮುಗಿಯಿತು. ಆರನೆಯದು ಮಗಳಿರುವ ಬಡಾವಣೆ. ಅಲ್ಲಿ ಸಾವಿರದ ಇನ್ನೂರು ಮನೆಗಳಿವೆ, ಅವರ ಮನೆಯೇ ಸಿಗುವ ಸಾಧ್ಯತೆ ಬಹಳ ಕಮ್ಮಿ. ಸಿಕ್ಕಿದರೆ ಒಳ್ಳೆಯದೇ, ಕೊನೆಗೊಂದು ಮನೆಯಲ್ಲಾದರೂ ಅನುಮಾನವಿಲ್ಲದೆ ‘ಹೌದು’ ಬರೆಯಬಹುದು. ಹೆಂಡತಿ ಬಟಾಣಿಗೆ ಹೆಣೆದ ಸ್ವೆಟರ್ ಕೊಟ್ಟಿದ್ದಾಳೆ. ಒಂದು ತೋಳು ಉದ್ದವಿದೆ ಎಂದದ್ದಕ್ಕೆ, ಮಗು ಬೆಳೆಯುತ್ತೆ ಎಂದಳು.

ಫೆಬ್ರವರಿ 18, ಮಂಗಳವಾರ

ಇವತ್ತು ಬರೆಯುವುದಿಲ್ಲ. ಕಾಲು ನೋವು.

ಫೆಬ್ರವರಿ 19, ಬುಧವಾರ

ಕಾಲು ನೋವಲ್ಲ.

ನಿನ್ನೆ ಪೆನ್ನು ತಿರುಗಿತು, ಮನೆಗಳನ್ನು ಎಣಿಸಿದೆವು, ಮೊದಲ ಮನೆ ಮಗಳ ಬೀದಿಗೇ ಬಿತ್ತು. ಒಂದೊಂದೇ ಬಾಗಿಲು ದಾಟಿ ಬಂದರೆ, ಮೂರನೆಯ ಮಗುವಾದ ಮೇಲೆ ಹತ್ತಿರದ ಬಾಗಿಲು ನಮ್ಮ ಮಗಳದೇ. ಸ್ವಂತದವರ ಮನೆಯಲ್ಲಿ ಪ್ರಶ್ನೆ ಕೇಳಬಾರದು, ಹಾಗಾಗಿ ನಾನು ಮೆಟ್ಟಿಲ ಮೇಲೆ ಸ್ವೆಟರ್ ಹಿಡಿದು ನಿಂತೆ. ಹೋಗಮ್ಮ, ಈ ಮನೆ ನೂರಕ್ಕೆ ನೂರು ಎಂದು ಹೇಳಿ ಕಳಿಸಿದೆ. ಬಟಾಣಿ ತೆವಳಿಕೊಂಡು ಹೊಸ್ತಿಲವರೆಗೂ ಬಂದು ನನ್ನ ಶೂ ದಾರವನ್ನು ಬಾಯಿಗೆ ಹಾಕಿಕೊಂಡಳು.

ಒಳಗಿನ ಮಾತು ಕೇಳಿಸುತ್ತಿತ್ತು. ಸಿಸ್ಟರ್ ಕಾರ್ಡು ಓದುತ್ತಿದ್ದಳು. ಒಂಬತ್ತು ತಿಂಗಳ ಕಡೆ ಬಂದಾಗ ನಿಂತಳು. ಇದು ಖಾಲಿ ಇದೆಯಲ್ಲ ಎಂದು ಕೇಳಿದಳು.

"ಆಗ ಕಾರ್ಡು ನನ್ನ ಹತ್ರಾನೇ ಇತ್ತು, ಮಗು ಅಮ್ಮನ ಮನೇಲಿ. ಅದಕ್ಕೇ ಅವರು ಬರೆದಿಲ್ಲ. ಆದ್ರೆ ಹಾಕಿಸಿದಾರೆ. ಅಪ್ಪ ರಿಜಿಸ್ಟರ್ ನೋಡೇ ಹೇಳಿದ್ರು" ಎಂದಳು ಮಗಳು.

ಆಗ ನೆನಪಾಯಿತು. ಒಂದೇ ಏಟಿಗೆ, ಪೂರ್ತಿಯಾಗಿ. ಅಕ್ಟೋಬರ್ ಮೂವತ್ತು, ಬುಧವಾರ. ವರದಿ ಕಳಿಸುವ ದಿನ. ನಾಳೆ ನಾನೇ ಎತ್ತಿಕೊಂಡು ಬರುವವನಲ್ಲವೇ, ಇದಕ್ಕಿಂತ ನಂಬಿಕೆಯ ಗಿರಾಕಿ ಯಾರು ಎಂದುಕೊಂಡು ಬಟಾಣಿಯ ಸಾಲಿಗೆ ಮುಂಗಡ ಟಿಕ್ಕು ಹಾಕಿದ್ದೆ. ಮಾರನೆಯ ದಿನ ಅವಳಿಗೆ ಮೂಗು ಸೋರುತ್ತಿತ್ತು. ಮುಂದಿನ ವಾರ ನೋಡೋಣ ಎಂದು ಹೆಂಡತಿ ಕಳಿಸಲಿಲ್ಲ. ಮುಂದಿನ ವಾರ ಮಗಳು ಬಂದು ಕರೆದುಕೊಂಡು ಹೋದಳು. ಡಿಸೆಂಬರಿನಲ್ಲಿ ನಾನು ಓದಿ ಹೇಳಿದ್ದು ನಾನೇ ಬರೆದಿಟ್ಟ ಆಸೆಯನ್ನು.

ಸಿಸ್ಟರ್ ಬಾಗಿಲಿಗೆ ಬಂದಳು, ಕೈಯಲ್ಲಿ ಫಾರಂ. ನಿಯಮದ ಪ್ರಕಾರ ಕಾರ್ಡಿನಲ್ಲಿ ಇಲ್ಲದಿದ್ದರೂ ತಾಯಿ ಆಗಿದೆ ಎಂದರೆ ಅದು ‘ಹೌದು’. ಅವಳು ಹಾಗೆ ಬರೆದರೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಗುರುವಾರ ಸದ್ದಿಲ್ಲದೆ ಮಗುವಿಗೆ ಸೂಜಿ ಹಾಕಿಸಿದರೆ ಮುಗಿಯಿತು. ಮಗಳಿಗೂ ತಿಳಿಯದು, ಮೇಡಂಗೂ ತಿಳಿಯದು. ಇದೆಲ್ಲ ನನ್ನ ತಲೆಗೆ ಬಂದದ್ದು ಸುಳ್ಳಲ್ಲ. ನಾಲ್ಕು ಬೀದಿ ಆಚೆಗೆ ದಡಾರವಿದೆ, ಬಟಾಣಿ ನಾಲ್ಕು ತಿಂಗಳಿನಿಂದ ನನ್ನ ಹಸಿರು ಶಾಯಿಯನ್ನು ನಂಬಿಕೊಂಡು ಮಾರ್ಕೆಟ್ಟು, ಬಸ್ಸು ಎಲ್ಲ ಸುತ್ತಿದ್ದಾಳೆ ಎಂಬುದೂ ಬಂತು. ಇಪ್ಪತ್ತೊಂಬತ್ತು ವರ್ಷದಲ್ಲಿ ಕಚೇರಿ ಕೆಲಸಕ್ಕೆ ನಾನು ಹೆದರಿದ್ದು ಇದೇ ಮೊದಲು.

"ಸೊನ್ನೆ ಬರೀರಿ, ಸಿಸ್ಟರ್. ಆಗಿಲ್ಲ. ಅದು ಮುಂಗಡ ಟಿಕ್ಕು" ಎಂದೆ.

ಮಗಳಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದೆ. ಅವಳು ಕೂಗಾಡಿದ್ದರೆ ವಾಸಿಯಿತ್ತು. ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, "ನಾನು ಕೇಳಿದ್ದು ನಿಮ್ಮನ್ನ, ಅಪ್ಪ. ರಿಜಿಸ್ಟರನ್ನಲ್ಲ" ಎಂದಳು. ಸ್ವೆಟರ್ ತೆಗೆದುಕೊಂಡಳು, ಬಾಗಿಲು ಮಾತ್ರ ಹಾಕಲಿಲ್ಲ.

ಇನ್ನೂ ಮೂರು ಮಕ್ಕಳು ಬೇಕಿತ್ತು. ಮುಂದಿನ ಬಾಗಿಲು ತಟ್ಟಿದೆವು.

ಫೆಬ್ರವರಿ 20, ಗುರುವಾರ

ಬೆಳಿಗ್ಗೆ ಎಂಟಕ್ಕೆ ಮಗಳ ಮನೆಗೆ ಹೋಗಿ ಮಗುವನ್ನು ಕೊಡು ಎಂದೆ. ನಾನೂ ಬರ್ತೀನಿ ಎಂದಳು. ಕಾರ್ಡನ್ನು ತನ್ನ ಕೈಯಲ್ಲೇ ಹಿಡಿದುಕೊಂಡಳು. ನ್ಯಾಯವೇ.

ಸಾಲಿನಲ್ಲಿ ನಮ್ಮ ಮುಂದೆ ಲಾರಿಯವನು ನಿಂತಿದ್ದ, ಹೆಗಲ ಮೇಲೆ ಮಗು, ಕೈಯಲ್ಲಿ ನನ್ನ ಚೀಟಿ. ಅಡುಗೆ ಮಾಡಿಟ್ಟೇ ಬಂದಿದ್ದೀನಿ ಎಂದು ದೊಡ್ಡದಾಗಿ ಹೇಳಿದ. ಬಟಾಣಿ ಸೂಜಿ ಚುಚ್ಚುವವರೆಗೂ ನಗುತ್ತಿದ್ದಳು. ಚುಚ್ಚಿದ್ದು ಸಿಸ್ಟರ್, ಆದರೆ ಬಟಾಣಿ ಹಿಡಿದು ಎಳೆದದ್ದು ನನ್ನ ಮೂಗನ್ನು. ಮಗಳು ಅಷ್ಟೂ ಹೊತ್ತು ಬಿಗಿಯಾಗಿದ್ದವಳು ಅದನ್ನು ನೋಡಿ ನಕ್ಕುಬಿಟ್ಟಳು. ನನ್ನ ಕಣ್ಣಲ್ಲಿ ನೀರು ಬಂತು. ಮೂಗು ಎಳೆದದ್ದಕ್ಕೆ ಎಂದು ಎಲ್ಲರೂ ತಿಳಿದರು, ತಿಳಿಯಲಿ.

ಆಮೇಲೆ ರಿಜಿಸ್ಟರ್. ಗುರುತು ಹಾಕಲು ಹೋದರೆ ಬಟಾಣಿಯ ಸಾಲಿನಲ್ಲಿ ಜಾಗವಿಲ್ಲ, ಆಗಲೇ ಗುರುತಿದೆ. ಅದನ್ನು ಗೆರೆ ಎಳೆದು ಹೊಡೆದುಹಾಕಿ, ಪಕ್ಕದ ಅಂಚಿನಲ್ಲಿ ಇವತ್ತಿನ ತಾರೀಖು ಬರೆದು ಸಹಿ ಹಾಕಿದೆ. ನನ್ನ ರಿಜಿಸ್ಟರಿನಲ್ಲಿ ಮೊದಲ ಕಾಟು. ನೋಡಲು ಚೆನ್ನಾಗಿಲ್ಲ.

ಫೆಬ್ರವರಿ 24, ಸೋಮವಾರ

ಸಿಸ್ಟರ್ ಲಸಿಕೆ ದಿನ ಬರೆಯುವ ಹಾಳೆಗಳನ್ನೂ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ. ಎರಡು ವರ್ಷದಲ್ಲಿ ಮುಂಗಡ ಟಿಕ್ಕು ನೂರ ಮೂವತ್ತಾರು. ಅದರಲ್ಲಿ ಬಂದೇ ಬಂದವರು ತೊಂಬತ್ತೈದು. ಹಾಗಾದರೆ ನನ್ನ ನಂಬಿಕೆ ಪೂರ್ತಿ ಸುಳ್ಳೇನಲ್ಲ ಎಂದು ಹೆಂಡತಿಗೆ ಹೇಳಿದೆ. ಉಳಿದವರು ಎಷ್ಟು ಎಂದು ಕೇಳಿದಳು. ನಲವತ್ತೊಂದು. ಅವಳು ನನ್ನ ಶೂ ತಂದು ಬಾಗಿಲ ಹತ್ತಿರ ಇಟ್ಟಳು.

ಮೇಡಂಗೆ ಪಟ್ಟಿ ಒಪ್ಪಿಸಿದೆ. ಓದಿದರು, ತುಂಬ ಹೊತ್ತು ಓದಿದರು. ನಿಮ್ಮ ಮೇಲೆ ಒಂದು ಟಿಪ್ಪಣಿ ಬರೆಯಬೇಕಾಗುತ್ತೆ ಎಂದರು. ಬರೆಯಿರಿ ಎಂದೆ. ಆಮೇಲೆ, ಸಂಜೆ ಎಷ್ಟು ಗಂಟೆಗೆ ಹೊರಡುತ್ತೀರಿ, ನನ್ನ ಜೀಪು ಖಾಲಿಯಿರುತ್ತೆ ಎಂದರು.

ಮಾರ್ಚ್ 6, ಗುರುವಾರ

ಸಮೀಕ್ಷೆಯ ಫಲ ಬಂತು. ಇನ್ನೂರ ಹತ್ತು ಮಕ್ಕಳಲ್ಲಿ ದಡಾರದ ಸೂಜಿ ಆದವರು ನೂರ ಎಪ್ಪತ್ತೆರಡು. ಶೇಕಡಾ ಎಂಬತ್ತೆರಡು, ಆರೇಳು ಆಚೆ ಈಚೆ ಇರಬಹುದು ಎಂದು ಮೇಡಂ ಹೇಳಿದರು. ಬಟಾಣಿಗೆ ‘ಹೌದು’ ಎಂದು ಬರೆದಿದ್ದರೂ ಎಂಬತ್ತೆರಡೇ ಆಗುತ್ತಿತ್ತು, ಲೆಕ್ಕ ಹಾಕಿ ನೋಡಿದೆ. ಸಿಸ್ಟರ್‌ಗೆ ಹೇಳಿದರೆ, ಗೊತ್ತು ಸಾರ್, ನಾನೂ ಹಾಕಿ ನೋಡಿದೆ ಎಂದಳು.

ಮಧ್ಯಾಹ್ನ ಕುರ್ಚಿ ಹತ್ತಿ ಬೋರ್ಡು ಅಳಿಸಿದೆ. ತೊಂಬತ್ತೆಂಟು ಬೇಗ ಹೋಗಲಿಲ್ಲ, ಒಳ್ಳೆಯ ಬಣ್ಣ ಹಾಕಿದ್ದೆ. ಎಂಬತ್ತೆರಡು ಬರೆದು ಇಳಿದಾಗ ಜವಾನ, ಇನ್ನು ಮೇಲೆ ನಿಮ್ಮನ್ನು ಏನಂತ ಕರೆಯೋದು ಸಾರ್ ಎಂದು ಕೇಳಿದ. ಬಣ್ಣ ಒಣಗುವವರೆಗೂ ಏನೂ ಕರೆಯಬೇಡ ಎಂದೆ.

ನಲವತ್ತೊಂದರಲ್ಲಿ ಇಪ್ಪತ್ತೆಂಟು ಆಗಿದೆ. ಐದು ಮನೆಯವರು ಊರೇ ಬಿಟ್ಟಿದ್ದಾರೆ, ವಿಳಾಸ ಹುಡುಕುತ್ತಿದ್ದೇನೆ. ಏಳು ಮಕ್ಕಳನ್ನು ಮುಂದಿನ ವಾರ ಕರೆತರುತ್ತಾರಂತೆ, ಅವರಿಗೆ ಇನ್ನೂ ಗುರುತು ಹಾಕಿಲ್ಲ. ಉಳಿದ ಒಂದು ಮನೆ ಮೋರಿಯ ಆಚೆ, ಮೂರನೆಯ ಮಹಡಿ. ನಾಲ್ಕು ಸಲ ಹೋದರೂ ಬೀಗ. ಎಂಥ ಜನವೋ, ಯಾವಾಗ ಮನೆಯಲ್ಲಿರುತ್ತಾರೋ ದೇವರಿಗೇ ಗೊತ್ತು. ನಾಳೆ ಆರೂವರೆಗೇ ಹೋಗಿ ಮೆಟ್ಟಿಲ ಮೇಲೆ ಕೂರಬೇಕು. ಅಲ್ಲಿಯ ನಾಯಿ ಈಗ ನನ್ನನ್ನು ಕಂಡರೆ ಎದ್ದೇಳುವುದೂ ಇಲ್ಲ, ಬಾಲ ಆಡಿಸಿ ಸ್ವಲ್ಪ ಸರಿದು ಜಾಗ ಕೊಡುತ್ತದೆ.